ಬಾಲ ಕತ್ತರಿಸಿದ ಗಂಟು

ನೀಲಗಂಗಾ ಗಂಟು ಹಾಕುವುದನ್ನು ನೋಡಬೇಕಾದರೆ ಕಣ್ಣು ಮಿಟುಕಿಸಬಾರದು. ಮಗ್ಗದ ಮೇಲೆ ಎಳೆ ಹರಿಯಿತು ಎನ್ನುವಷ್ಟರಲ್ಲಿ ಎರಡು ತುದಿಗಳು ಅವಳ ಎಡಗೈಯ ಹೆಬ್ಬೆರಳಿನ ಕೆಳಗೆ ಒಂದರ ಮೇಲೊಂದು ಕೂತಿರುತ್ತವೆ. ಬಲಗೈ ಒಂದು ಸುತ್ತು ಸುತ್ತಿರುತ್ತದೆ. ಗಂಟಿನ ಆಚೆ ಉಳಿದ ಬಾಲವನ್ನು ಹಲ್ಲು ಕಚ್ಚಿ ತೆಗೆದಿರುತ್ತದೆ. ಬಾಲ ಉಳಿಯಬಾರದು. ಉಳಿದರೆ ಅದು ಮಗ್ಗದ ಬಾಚಣಿಗೆಯಂಥ ಹಣಿಗೆಯ ಸಂದಿನಲ್ಲಿ ಸಿಕ್ಕು ಪಕ್ಕದ ನಾಲ್ಕು ಎಳೆಗಳನ್ನೂ ಹರಿಯುತ್ತದೆ. ಎಂಟನೆಯ ವಯಸ್ಸಿನಿಂದ ಅವಳು ಕಲಿತದ್ದು ಇದನ್ನೇ.

ಅವಳ ತಂದೆ ಸಾತಲಿಂಗಪ್ಪ ಸೋಲಾಪುರದಲ್ಲಿ ಚಾದರ ನೇಯುತ್ತಿದ್ದರು. ಅಕ್ಕಲಕೋಟೆಯಲ್ಲಿ ಅವರ ತಂಗಿ ಸುಗಲಾಬಾಯಿಯ ಮನೆಯಲ್ಲಿ ಎರಡು ಮಗ್ಗ ಇದ್ದವು. ಅತ್ತೆಗೆ ಕೆಲಸಕ್ಕೆ ಕೈ ಬೇಕಿತ್ತು, ನೀಲಗಂಗಾಗೆ ಕಾಲೇಜಿನ ಫೀ ಕಟ್ಟುವವರು ಬೇಕಿದ್ದರು. ಹಾಗೆ ಅವಳು ನಮ್ಮೂರಿಗೆ ಬಂದಳು. ಬೆಳಿಗ್ಗೆ ಹತ್ತರವರೆಗೆ ಮಗ್ಗ, ಆಮೇಲೆ ಕಾಲೇಜು, ಸಂಜೆ ಮತ್ತೆ ಮಗ್ಗ. ಸೊಂಟದಲ್ಲಿ ಯಾವಾಗಲೂ ಒಂದು ಹಿಡಿ ನೂಲು ಸಿಕ್ಕಿಸಿಕೊಂಡಿರುತ್ತಿದ್ದಳು. ಹರಿದ ಎಳೆ ಜೋಡಿಸುವುದಕ್ಕೆ ಅದು. ಕಾಲೇಜಿಗೆ ಬರುವಾಗ ತೆಗೆದಿಡಲು ಮರೆಯುತ್ತಿದ್ದಳು. ಇತಿಹಾಸದ ಪಾಠ ನಡೆದಿರುವಾಗ ಅವಳ ಬೆರಳುಗಳು ಬೆಂಚಿನ ಕೆಳಗೆ ಆ ನೂಲನ್ನು ಗಂಟು ಹಾಕುತ್ತ, ಬಿಚ್ಚುತ್ತ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಾತು ಕಡಿಮೆ. ಕೇಳಿದರೆ ಉತ್ತರ, ಇಲ್ಲದಿದ್ದರೆ ಇಲ್ಲ.

ನಮ್ಮ ಮೂರನೆಯ ಗೆಳತಿ ದ್ರೌಪದಿ. ಸೋಲಾಪುರದ ಬಟ್ಟೆ ವ್ಯಾಪಾರಿಯ ಮಗಳು. ಮ್ಯಾಟ್ರಿಕ್‌ವರೆಗೆ ಇಲ್ಲಿ ಅಜ್ಜಿಯ ಮನೆಯಲ್ಲಿದ್ದು ನನ್ನ ಜೊತೆ ಓದಿ, ಆಮೇಲೆ ಊರಿಗೆ ಹೋಗಿ ಅಲ್ಲಿಯ ಕಾಲೇಜು ಸೇರಿದ್ದಳು. ರಜೆಗೆ ಬಂದಾಗೆಲ್ಲ ನಮ್ಮ ಜೊತೆ ತಿರುಗಿ ನೀಲಗಂಗಾಳಿಗೂ ಗೆಳತಿಯಾಗಿದ್ದಳು. ಅಲ್ಲಿ ಎನ್.ಸಿ.ಸಿ. ಸೇರಿ ಸಹ್ಯಾದ್ರಿಯಲ್ಲಿ ಹತ್ತು ದಿನ ಬಂಡೆ ಹತ್ತುವುದನ್ನು ಕಲಿತು ಬಂದಿದ್ದಳು. ೧೯೭೪ರ ಮಾರ್ಚಿನ ಒಂದು ಶನಿವಾರ ಸಂಜೆ ಅವಳು ಸೋಲಾಪುರದಿಂದ ಬಂದಿಳಿದಾಗ ಹೆಗಲ ಮೇಲೆ ನೀಲಿ ನೈಲಾನ್ ಹಗ್ಗದ ಸುರುಳಿ ಇತ್ತು.

"ನಾಳಿ ಹದ್ದಿನ ಕಲ್ಲಿಗಿ ಹೋಗೂಣು. ಮೂವರೂ," ಎಂದಳು.

ಹದ್ದಿನ ಕಲ್ಲೆಂದರೆ ದುಧನಿಯ ದಾರಿಯ ಮಾಳದಲ್ಲಿರುವ ಎತ್ತರದ ಬಂಡೆ. ನಾನು ಕಚೇರಿಯ ಕಾರಕೂನನ ಮಗಳು. ನಮ್ಮ ಮನೆಯ ಮಾಳಿಗೆಯ ಅಂಚಿಗೂ ಹೋಗಿ ನಿಂತವಳಲ್ಲ.

"ನಂಗ ಅಂಜಿಕಿ ಆಗ್ತದ," ಎಂದೆ.

"ಗೋದೂ, ನಿಂಗ ಹಲ್ಲಿ ಕಂಡ್ರೂ ಅಂಜಿಕಿ. ಹಂಗಂತ ಗ್ವಾಡಿ ಇಲ್ಲದ ಮನಿ ಕಟ್ಟಸ್ತಿ ಏನ?" ಎಂದು ದ್ರೌಪದಿ ನಕ್ಕಳು. ನೀಲಗಂಗಾ ನಗಲಿಲ್ಲ. ಹಗ್ಗದ ತುದಿಯನ್ನು ಎತ್ತಿ ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು.

"ಭಾಳ ನುಣುಪ ಅದ ಇದು," ಎಂದಳು. "ಮತ್ತ ಗಿಡ್ಡ ಅದ."

ಗಿಡ್ಡವೇ ಇತ್ತು. ಶಿಬಿರದವರು ಕೊಟ್ಟದ್ದು ಹಳೆಯ ಹಗ್ಗದ ಒಂದು ತುಂಡು. ಹದ್ದಿನ ಕಲ್ಲಿನ ನೆತ್ತಿಯ ಮೇಲಿರುವ ಒಂದೇ ಬೇವಿನ ಮರ ಅಂಚಿನಿಂದ ದೂರ. ಅಲ್ಲಿಂದ ಕೆಳಗಿನವರೆಗೆ ಇದು ಸಾಲದು. ಆದ್ದರಿಂದ ಮರುದಿನ ಬೆಳಿಗ್ಗೆ ನಾವು ಸುಗಲಾಬಾಯಿಯವರ ಬಾವಿಯ ಹಗ್ಗ ಕೇಳಲು ನಿಂತೆವು. ಪುಂಡಿನಾರಿನ ದಪ್ಪ ಹಗ್ಗ ಅದು.

"ಹಗ್ಗ ಯಾಕ ಬೇಕವಾ?"

"ಜೋಕಾಲಿ ಕಟ್ಟತೀವ್ರಿ ಅತ್ತಿ," ಎಂದಳು ದ್ರೌಪದಿ.

"ಪಂಚಮಿ ಮುಗದು ಏಳು ತಿಂಗಳಾತು. ಕುದರಿ ಹಂಗ ಬೆಳದೀರಿ, ಈಗೇನ ಜೋಕಾಲಿ?"

"ಪಂಚಮಿಗೆ ನಂಗ ಬರಾಕ ಆಗಿರಲಿಲ್ಲಲ್ರಿ."

"ಇವತ್ತಿನ ನೀರ ಸೇದಿಟ್ಟ ಹೋಗ್ರಿ. ಸಂಜಿಕ ಹಗ್ಗ ಹೊಳ್ಳಿ ಬರಬೇಕು ನೋಡ್. ಇಲ್ಲಂದ್ರ ನಾಳಿ ಈ ನೀಲೀ ಜಡೀ ಹಿಡದ ಕೊಡಾ ಬಿಡತೀನಿ ಬಾವಿಗಿ."

ಹನ್ನೆರಡು ಕೊಡ ನೀರು ಸೇದಿ, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ದುಧನಿಯ ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ಇಳಿದು ಮಾಳದಲ್ಲಿ ನಡೆದೆವು. ಭೂಗೋಳದ ಪುಸ್ತಕದಲ್ಲಿ ಮರುಭೂಮಿಯೆಂದರೆ ಮರಳು, ಒಂಟೆ. ನಮ್ಮ ಕಡೆ ಅದು ಕಲ್ಲಿನದು. ಬಿಸಿಲಿಗೆ ಸೀಳಿದ ನೆಲ, ಅಲ್ಲಲ್ಲಿ ಜಾಲಿ, ಕಾಲಿಗೆ ಸುಡುವ ಕರಿ ಹರಳು. ದೂರದಲ್ಲಿ ಹದ್ದಿನ ಕಲ್ಲು ಕಾಣಿಸಿತು. ಹತ್ತಿರ ಹೋದಷ್ಟೂ ಅದು ಬೆಳೆಯುತ್ತಿತ್ತು. ಹಿಂದಿನ ಕಡೆ ಸಲೀಸಾದ ಇಳಿಜಾರು, ಆಡು ಮೇಯಿಸುವವರು ಹತ್ತುವ ದಾರಿ. ಮುಂದಿನ ಕಡೆ ಯಾವ ಕಾಲದಲ್ಲೋ ಕಲ್ಲು ಒಡೆದು ಸಾಗಿಸಿದ ಗಾಯ, ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗೆ, ನಲವತ್ತು ಅಡಿ.

ನೆತ್ತಿಯ ಮೇಲೆ ಕೂತು ನೀಲಗಂಗಾ ಎರಡು ಹಗ್ಗಗಳನ್ನು ಜೋಡಿಸಿದಳು. ನೇಕಾರರ ಗಂಟು, ಅದೇ ಚಿಕ್ಕ ಗಂಟು, ಈಗ ಮುಷ್ಟಿಯಷ್ಟು ದೊಡ್ಡದಾಗಿತ್ತು. ಮೂವರೂ ಎರಡು ಕಡೆ ನಿಂತು ಜಗ್ಗಿ ನೋಡಿದೆವು. ಅಲುಗಲಿಲ್ಲ. ಗಂಟಿನ ಆಚೆ ಒಂದೊಂದು ಗೇಣು ಬಾಲ ಉಳಿದಿತ್ತು. ನೀಲಗಂಗಾ ರೊಟ್ಟಿಯ ಬುತ್ತಿಯಲ್ಲಿದ್ದ ಉಳ್ಳಾಗಡ್ಡಿ ಹೆಚ್ಚುವ ಚಾಕು ತೆಗೆದು ಎರಡೂ ಬಾಲಗಳನ್ನು ಎರಡು ಬೆರಳಷ್ಟು ಬಿಟ್ಟು ಕತ್ತರಿಸಿಬಿಟ್ಟಳು. ಅವಳು ಯೋಚಿಸಿ ಮಾಡಿದ್ದಲ್ಲ. ಕೈ ಮಾಡಿತು.

"ಎಷ್ಟ ಚಂದ ಕಾಣಸ್ತದ ನೋಡ್," ಎಂದಳು ದ್ರೌಪದಿ. ನಾನೂ ಚಂದವೆಂದೇ ಅಂದೆ.

ದ್ರೌಪದಿ ಹೇಳಿಕೊಟ್ಟ ರೀತಿ ಹೀಗಿತ್ತು. ನೈಲಾನಿನ ತುದಿ ಇಳಿಯುವವಳ ಸೊಂಟಕ್ಕೆ. ನಾರಿನ ಹಗ್ಗ ಬೇವಿನ ಬುಡಕ್ಕೆ ಒಂದು ಸುತ್ತು ಹಾಕಿ, ಅದರ ಹಿಂದೆ ಕೂತವಳು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಇನ್ನೊಬ್ಬಳು ಅಂಚಿನಲ್ಲಿ ಕೂತು ಕೆಳಗೆ ನೋಡಿ ಹೇಳಬೇಕು. ಮೊದಲು ದ್ರೌಪದಿ ಇಳಿದಳು. ನಾನೂ ನೀಲಗಂಗಾಳೂ ಮರದ ಹಿಂದೆ ಕೂತು ಸಡಿಲಿಸಿದೆವು. ಅವಳು ಹಲ್ಲಿಯ ಹಾಗೆ ಇಳಿದು, ಹಲ್ಲಿಯ ಹಾಗೆ ಹತ್ತಿ ಬಂದಳು. ಹತ್ತುವಾಗ ಹಗ್ಗ ಒಮ್ಮೆ ಬಿಗಿ, ಒಮ್ಮೆ ಸಡಿಲು, ಮತ್ತೆ ಬಿಗಿ. ಅದರಿಂದ ಗಂಟಿಗೆ ಏನಾಗುತ್ತಿದೆ ಎಂದು ನಾವು ಗಮನಿಸಲಿಲ್ಲ.

"ಈಗ ನೀ," ಎಂದಳು ನನಗೆ.

ಬೇಡವೆನ್ನಬಹುದಿತ್ತು. ಅಣ್ಣನ ಪೈಜಾಮ ಹಾಕಿಕೊಂಡು ಅಷ್ಟು ದೂರ ಬಂದು ಬೇಡವೆನ್ನಲು ನಾಚಿಕೆಯಾಯಿತು. ನಾಚಿಕೆಗೂ ಹೆದರಿಕೆಗೂ ಜಗ್ಗಾಟ ನಡೆದು ನಾಚಿಕೆ ಗೆದ್ದಿತು. ದ್ರೌಪದಿ ಮರದ ಹಿಂದೆ ಕೂತಳು. ನೀಲಗಂಗಾ ಅಂಚಿನಲ್ಲಿ. ನಾನು ಬಂಡೆಗೆ ಮುಖ ಮಾಡಿ ಒಂದು ಕಾಲು ಕೆಳಗಿಟ್ಟೆ.

ಮೊದಲ ಹತ್ತು ಅಡಿ ಹೇಗೆ ಇಳಿದೆನೋ ನೆನಪಿಲ್ಲ. ಆಮೇಲೆ ಕಾಲಿಗೆ ಸಿಗುವ ಅಂಚುಗಳು ಸಣ್ಣವಾದವು. ಹೆಬ್ಬೆರಳು ಊರುವಷ್ಟೇ ಜಾಗ. ಎಡಗಾಲು ನಡುಗತೊಡಗಿತು, ಹೊಲಿಗೆ ಯಂತ್ರದ ಸೂಜಿಯಂತೆ. ನಿಲ್ಲಿಸಲು ಆಗಲಿಲ್ಲ. ನಾನು ಎರಡೂ ಕೈಯಿಂದ ಕಲ್ಲನ್ನು ಅಪ್ಪಿಕೊಂಡು ಕೆನ್ನೆ ಒತ್ತಿ ನಿಂತೆ. ಕಲ್ಲು ಸುಡುತ್ತಿತ್ತು. ಬಾಯಿಗೆ ಧೂಳು ಬಂತು. ಸೊಂಟದ ಹಗ್ಗ ಸಡಿಲಾಗಿ ತೊಡೆಯ ಮೇಲೆ ಜೋತಿತ್ತು.

ಆಗ ಮೇಲಿನಿಂದ ದ್ರೌಪದಿಯ ದನಿ ಕೇಳಿತು. ನನಗೆ ಕೇಳಲೆಂದು ಹೇಳಿದ್ದಲ್ಲ, ತಾನಾಗಿ ಬಾಯಿಂದ ಬಿದ್ದದ್ದು.

"ನೀಲೀ! ಗಂಟ... ಗಂಟ ಬಿಚ್ಚಾಕತ್ತದ ನೋಡ!"

"ಬಾಯಿ ಮುಚ್ಚ," ಎಂದಳು ನೀಲಗಂಗಾ.

ಆದರೆ ನನಗೆ ಕೇಳಿಸಿತ್ತು. ಕೆಳಗೆ ಇನ್ನೂ ಇಪ್ಪತ್ತೈದು ಅಡಿ, ಒಡೆದ ಕಲ್ಲುಗಳ ರಾಶಿ. ನಾನು ಕಲ್ಲನ್ನು ಇನ್ನೂ ಬಿಗಿಯಾಗಿ ಅಪ್ಪಿದೆ. ಉಗುರು ಹರಿಯುವಷ್ಟು ಬಿಗಿಯಾಗಿ.

"ಗೋದೂ." ನೀಲಗಂಗಾಳ ದನಿ ನೇರ ತಲೆಯ ಮೇಲಿಂದ ಬಂತು. "ಕಲ್ಲ ಬಿಡ."

ನಾನು ಬಿಡಲಿಲ್ಲ.

"ಕೇಳ್ ನನ್ನ ಮಾತ. ನೀ ಕಲ್ಲ ಅಪಗೊಂಡಿ ಅಂದ್ರ ಹಗ್ಗ ಸಡ್ಲ ಬೀಳತದ. ಸಡ್ಲ ಬಿದ್ರ ಗಂಟ ಬಿಚ್ಚತದ. ಬಿಗಿ ಇದ್ರ ಬಿಚ್ಚೂದಿಲ್ಲ. ಹಿಂದಕ ಬಾಗ. ಭಾರ ಎಲ್ಲಾ ಹಗ್ಗಕ್ಕ ಹಾಕ."

"ಆಗೂದಿಲ್ಲ."

"ಆಗತದ."

"ಬಿಚ್ಚಿತಂದ್ರ?"

ಅವಳು ಸುಳ್ಳು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ.

"ನಿಂತ್ರ ಬಿಚ್ಚತದ, ಗೋದೂ. ಮಗ್ಗದಾಗ ದಿನಾ ನೋಡತೀನಿ ನಾ. ಬಾಗ."

ಬೀಳುವ ಭಯದಿಂದ ಪಾರಾಗಲು ಬೀಳುವವಳ ಹಾಗೆ ಬಾಗಬೇಕಿತ್ತು. ಮೊದಲು ಬಲಗೈ ಬಿಡಿಸಿದೆ. ಅದು ನನ್ನ ಕೈಯೇ ಅಲ್ಲವೇನೋ ಎನ್ನುವಂತೆ ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಆಮೇಲೆ ಎಡಗೈ. ಸೊಂಟವನ್ನು ಹಿಂದಕ್ಕೆ ಬಿಟ್ಟೆ. ಹಗ್ಗ ಒಂದು ಬೆರಳಷ್ಟು ಜಾರಿ ನಿಂತಿತು. ಆ ಒಂದು ಬೆರಳಿನ ಜಾರಿಕೆಯಲ್ಲಿ ನಾನು ಕೂಗಿದೆ. ಆಮೇಲೆ ಬೆನ್ನ ಹಿಂದೆ ಬರೀ ಗಾಳಿ. ಎದುರಿಗೆ ಕಪ್ಪು ಕಲ್ಲು. ಮೇಲೆ, ಬಿಸಿಲಿಗೆ ಎದುರಾಗಿ, ನೀಲಗಂಗಾಳ ತಲೆಯ ನೆರಳು.

"ಹಂಗಽ ಇರ. ಅಲುಗಾಡಬ್ಯಾಡ. ಉಸರಾಡ ಅಷ್ಟಽ."

ಮೇಲೆ ನಡೆದದ್ದನ್ನು ದ್ರೌಪದಿ ಆಮೇಲೆ ಹೇಳಿದಳು. ನಾನು ಇಳಿದಂತೆ ಗಂಟು ಮರದ ಬಳಿಯಿಂದ ನೆಲದ ಮೇಲೆ ತೆವಳುತ್ತ ಬಂದು ನೀಲಗಂಗಾಳ ಮೊಣಕಾಲ ಮುಂದೆ ನಿಂತಿತ್ತು. ಎರಡು ಬೆರಳಿದ್ದ ಬಾಲ ಅರ್ಧ ಬೆರಳಾಗಿತ್ತು. ಮತ್ತೆ ಕಟ್ಟಬೇಕೆಂದರೆ ಹಗ್ಗ ಸಡಿಲಾಗಬೇಕು. ದ್ರೌಪದಿ ಮರ ಬಿಟ್ಟು ಏಳುವಂತಿಲ್ಲ. ನೀಲಗಂಗಾ ಸೊಂಟದಿಂದ ನೂಲು ತೆಗೆದಳು. ಬೋರಲಾಗಿ ಮಲಗಿ, ಎಡಗೈಯಲ್ಲಿ ಗಂಟನ್ನು ಒತ್ತಿ ಹಿಡಿದು, ಬಲಗೈಯಿಂದ ಬಾಲಗಳನ್ನು ಹಗ್ಗಕ್ಕೆ ಸೇರಿಸಿ ಸುತ್ತತೊಡಗಿದಳು. ತುದಿಯನ್ನು ಹಲ್ಲಲ್ಲಿ ಕಚ್ಚಿ ಜಗ್ಗುತ್ತ, ಸುತ್ತಿನ ಮೇಲೆ ಸುತ್ತು. ಬಾಯಿಯಲ್ಲಿ ಎಣಿಸುತ್ತಿದ್ದಳು. ಆ ಎಣಿಕೆ ನನಗೂ ಕೇಳುತ್ತಿತ್ತು. ನಲವತ್ತು, ನಲವತ್ತೊಂದು. ಅದು ನನಗಾಗಿ ಎಂದುಕೊಂಡೆ, ಅವಳು ತನಗಾಗಿ ಎಣಿಸುತ್ತಿದ್ದಿರಬಹುದು. ನಾನು ಪ್ರತಿ ಸಂಖ್ಯೆಗೆ ಒಂದು ಉಸಿರು ಬಿಡುತ್ತ ತೂಗಿದೆ. ಒಂದು ಹದ್ದು ನನ್ನ ಕಾಲಿನ ಕೆಳಗೆ ಹಾರಿ ಹೋಯಿತು. ಹಕ್ಕಿಯ ಬೆನ್ನನ್ನು ಅದೇ ಮೊದಲ ಸಲ ನೋಡಿದ್ದು.

ನೂರ ಹತ್ತಕ್ಕೆ ಎಣಿಕೆ ನಿಂತಿತು.

"ಈಗ ಹತ್ತ. ಸಾವಕಾಶ."

ದ್ರೌಪದಿ ಹಗ್ಗ ಎಳೆದುಕೊಂಡಳು. ನಾನು ಒಂದೊಂದೇ ಹೆಜ್ಜೆ ಹತ್ತಿದೆ. ಪ್ರತಿ ಹೆಜ್ಜೆಗೂ ಹಗ್ಗ ಒಂದು ಕ್ಷಣ ಸಡಿಲಾಗುತ್ತಿತ್ತು. ಮೇಲೆ ನೀಲಗಂಗಾ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಅದು ಮರದ ಕಡೆ ಸರಿದಂತೆ ಮೊಣಕಾಲ ಮೇಲೆ ಹಿಂದಕ್ಕೆ ಸರಿಯುತ್ತಿದ್ದಳಂತೆ. ನನ್ನ ಕೈ ಅಂಚಿಗೆ ತಾಗಿದಾಗ ಹಿಡಿದೆಳೆಯಲು ಅವಳು ಬರಲಿಲ್ಲ. ಗಂಟು ಬಿಡಲಿಲ್ಲ. ನಾನೇ ಎದೆಯ ಮೇಲೆ ತೆವಳಿ ಬಂದೆ, ಮರದ ಬುಡದವರೆಗೆ ತೆವಳಿದೆ, ಬೇವಿನ ತೊಗಟೆಯನ್ನು ಅಪ್ಪಿ ವಾಂತಿ ಮಾಡಿಕೊಂಡೆ.

ದ್ರೌಪದಿ ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಗೋದೂ, ನಂದಽ ತಪ್ಪ. ಬಾಲ ಉದ್ದ ಬಿಡಬೇಕಂತ ಕ್ಯಾಂಪಿನ್ಯಾಗ ಹೇಳಿದ್ರ. ನಾ ಮರತೆ."

ನೀಲಗಂಗಾ ಆಗಷ್ಟೇ ಗಂಟು ಕೈಬಿಟ್ಟಳು. ಅವಳ ಹಸ್ತ ನಾರಿನಿಂದ ತರಚಿ ಕೆಂಪಾಗಿತ್ತು. ಹಲ್ಲಿನ ಸಂದಿನಲ್ಲಿ ನೂಲಿನ ಎಳೆ ಸಿಕ್ಕಿತ್ತು. ಅವಳು ಸುತ್ತಿದ ಆ ಗಂಟನ್ನು ಬಿಚ್ಚಲು ನೋಡಿದೆವು. ಬಿಚ್ಚಲಿಲ್ಲ. ಕೊನೆಗೆ ಅದೇ ಚಾಕುವಿನಿಂದ ಎರಡು ಕಡೆ ಹಗ್ಗ ಕೊಯ್ದು ತೆಗೆಯಬೇಕಾಯಿತು. ಕಟ್ಟಿಕೊಂಡು ಹೋದ ರೊಟ್ಟಿ ಹಾಗೇ ವಾಪಸು ಬಂತು.

ಮರುದಿನ ಸುಗಲಾಬಾಯಿಯವರ ಕೊಡ ನೀರಿಗೆ ಮುಟ್ಟಲಿಲ್ಲ. ಹಗ್ಗ ಒಂದೂವರೆ ಮೊಳ ಗಿಡ್ಡವಾಗಿತ್ತು. "ಏನ ಜೋಕಾಲಿ ಆಡಿದ್ರವಾ, ಹಗ್ಗಾನೂ ತಿಂದ್ರ್ಯಾ?" ಎಂದು ಅವರು ಓಣಿಯೆಲ್ಲ ಕೇಳುವಂತೆ ಬೈದರು. ನೀಲಗಂಗಾ ತಲೆ ತಗ್ಗಿಸಿ ಬೈಸಿಕೊಂಡಳು. ನಿಜ ಹೇಳಲಿಲ್ಲ. ನಾನೂ ನಮ್ಮ ಮನೆಯಲ್ಲಿ ಹೇಳಲಿಲ್ಲ. ಬಹಳ ದಿನ ಬಾವಿಗೆ ಕೊಡ ಇಳಿಯುವ ಸದ್ದಾದರೆ ನಾನು ಪಕ್ಕದ ಗೋಡೆ ಹಿಡಿದುಕೊಳ್ಳುತ್ತಿದ್ದೆ.

ನೀಲಗಂಗಾಳ ಕೈಗೆ ಏನಾಯಿತೆಂದು ತಿಳಿದದ್ದು ಇನ್ನೂ ತಡವಾಗಿ. ನನ್ನ ಬಿ.ಎ. ಮುಗಿದ ವರ್ಷ ಅವಳು ತಾನೇ ನೇಯ್ದ ಒಂದು ಚಾದರ ತಂದುಕೊಟ್ಟಳು.

"ಸೋಲಾಪುರದ ಶೇಠ ಒಲ್ಲೆ ಅಂದ್ರ," ಎಂದಳು, ನಗದೆ. "ಅತ್ತಿ ಇಟಗೋ ಅಂದಳು. ನಿಂಗ ತಂದೆ."

ಅವ್ವ ಅದನ್ನು ಹಾಸಿ ಅಂಗೈಯಿಂದ ಸವರಿ ನೋಡಿದಳು. ಬಣ್ಣ ಚೆನ್ನಾಗಿತ್ತು. ನೇಯ್ಗೆ ಬಿಗಿಯಾಗಿತ್ತು. ಆದರೆ ಅಲ್ಲಲ್ಲಿ, ಎಳೆ ಜೋಡಿಸಿದ ಕಡೆಯೆಲ್ಲ, ಗಂಟಿನಿಂದ ಗೇಣುದ್ದದ ಬಾಲಗಳು ಹೊರಗೆ ಚಾಚಿದ್ದವು.

"ಇದೇನ ಹಿಂಗ ಮಾಡ್ಯಾಳ ಪೋರಿ? ಇಷ್ಟ ಚಲೋ ಕೈಯಾಕಿ," ಎಂದಳು ಅವ್ವ. "ಗೋದೂ, ಆ ಕತ್ರಿ ತಾ. ಕತ್ತರಸತೀನಿ."

"ಬ್ಯಾಡವ್ವ," ಎಂದು ನಾನು ಚಾದರ ಮಡಿಚಿ ಎತ್ತಿಟ್ಟೆ.