ಹಿಂಗೈಯಿಂದ ಮುಟ್ಟುತ್ತಿದ್ದ ಅಕ್ಕೋರು

ಅವರು ಯಾವ ಯಂತ್ರವನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬಲಗೈಯನ್ನು ಮಗುಚಿ, ಜ್ವರ ಬಂದ ಮಗುವಿನ ಹಣೆ ನೋಡುವಂತೆ ಬೆರಳುಗಳ ಬೆನ್ನನ್ನು ಕಂಪ್ಯೂಟರಿನ ತಗಡಿನ ಡಬ್ಬಿಗೆ ತಾಗಿಸಿ, ಒಂದು ಕ್ಷಣ ಕಾದು, ಆಮೇಲೆ ಗುಂಡಿ ಒತ್ತುತ್ತಿದ್ದರು. "ಅಂಗೈಲೆ ಹಿಡದ್ರ ಕರೆಂಟ್ ಕೈ ಬಿಡಂಗಿಲ್ಲ ತಂಗಿ. ಹಿಂಗೈಲೆ ಮುಟ್ಟಿದ್ರ ತಾನೇ ದೂಡ್ತದ" ಎನ್ನುತ್ತಿದ್ದರು.

ಜೇವರ್ಗಿಯಲ್ಲಿ ಅವರನ್ನು ಎಲ್ಲರೂ ಟೈಪಿಂಗ್ ಅಕ್ಕೋರು ಎಂದೇ ಕರೆಯುತ್ತಿದ್ದರು. ನಮ್ಮ ಓಣಿಯ ಮೂಲೆಮನೆಯ ಮುಂದಿನ ಕೋಣೆ ಅವರ ಟೈಪಿಂಗ್ ಶಾಲೆ. ನನ್ನ ಕೈಗಳ ಮೇಲೆ ಟವೆಲ್ ಹೊದಿಸಿ, ಕೀಲಿಗಳನ್ನು ನೋಡದೆ ಬರೆಯುವುದನ್ನು ಕಲಿಸಿದವರು ಅವರೇ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟೈಪಿಂಗ್ ಕಲಿಯುವವರು ಕಡಿಮೆಯಾಗಲು, ಸೊಲ್ಲಾಪುರದಿಂದ ಹಳೆಯ ಕಂಪ್ಯೂಟರೊಂದನ್ನು ತರಿಸಿದರು. ಅದನ್ನು ಕಲಿಯಲು ಯಾರೂ ಬರಲಿಲ್ಲ. ಅದರಲ್ಲಿದ್ದ ಕಾರು ಓಡಿಸುವ ಆಟಕ್ಕೆ ಎಲ್ಲರೂ ಬಂದರು. ಅಕ್ಕೋರು ನಕ್ಕು, ಆಟಕ್ಕೆ ತಾಸಿನ ಬಾಡಿಗೆ ಗೊತ್ತುಮಾಡಿದರು. ಗಂಡ ತೀರಿದ ಮೇಲೆ ಒಬ್ಬರೇ ಇದ್ದ ಅವರ ಒಲೆ ಉರಿಯುತ್ತಿದ್ದುದು ಆ ಒಂದು ಡಬ್ಬಿಯಿಂದ.

ಆದರೆ ಬಸ್‌ಸ್ಟ್ಯಾಂಡಿನ ಬಳಿ ಹೊಸ ಅಂಗಡಿಯೊಂದು ತೆರೆಯಿತು. ಅಲ್ಲಿನ ಕಾರು ಗಾಳಿಯಂತೆ ಓಡುತ್ತಿತ್ತು. ಅಕ್ಕೋರ ಕಾರು ಪ್ರತಿ ತಿರುವಿನಲ್ಲೂ ತಡವರಿಸಿ ನಿಲ್ಲುತ್ತಿತ್ತು. ಗಿರಾಕಿಗಳು ಜಾರತೊಡಗಿದರು. ಕೂಡಿಟ್ಟ ಹಣದಲ್ಲಿ ಒಂದು ಕೆಲಸವನ್ನಷ್ಟೇ ಮಾಡಿಸಬಹುದಿತ್ತು. ಮೊದಲು ಯಾವುದು?

"ಡಿಸ್‌ಪ್ಲೇ ಕಾರ್ಡ್ ಹಾಕಸ್ರಿ ಅಕ್ಕೋರೆ" ಎಂದ, ನೆಲೋಗಿಯಿಂದ ಕಾಲೇಜಿಗೆ ಬರುತ್ತಿದ್ದ ಒಬ್ಬ. "ನಿಮ್ಮ ಕಾರ್ ಎತ್ತಿನ ಬಂಡಿಗಿಂತ ಸಾವಕಾಶ ಹೊಂಟದ."

"ಬಂಡಿ ಓಡಿಸ್ಲಾಕೇ ಬರವಲ್ದು ನಿನಗ. ಇನ್ನ ಜೋರ್ ಹೋಗಿ ಯಾವ ಗಟಾರಕ್ಕ ಬೀಳಾಂವ ಇದ್ದೀಲೇ?"

ಆಗ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಾನು ಅಲ್ಲಿನ ಗ್ರಂಥಾಲಯದಲ್ಲಿ ಕಂಪ್ಯೂಟರಿನ ಪುಸ್ತಕ ಓದಿಕೊಂಡು ಬಂದಿದ್ದೆ. ಮೊದಲು ಮೆಮರಿ ಹೆಚ್ಚಿಸಬೇಕು ಎಂದು ವಾದಿಸಿದೆ. ಅಕ್ಕೋರು ಪೂರ್ತಿ ಕೇಳಿದರು.

"ನಿನ್ನ ಪುಸ್ತಕದಾಗ ನಮ್ಮ ಓಣಿ ಕರೆಂಟ್ ಬಂದಿಲ್ಲ ತಂಗಿ. ಡಬ್ಬಿ ಮುಟ್ಟಿದ್ರ ಜುಂ ಅಂತದ. ಆಡಾಕ ಬಂದವ್ರಿಗಿ ಏನರ ಆದ್ರ ಅವರವ್ವಗ ನಾ ಏನ್ ಹೇಳ್ಲಿ? ಮೊದಲ ಅರ್ಥಿಂಗ್. ಕಾರ್ ಆಮ್ಯಾಲ ಓಡ್ತದ."

ಹಿತ್ತಿಲಲ್ಲಿ ಆಳವಾದ ಕುಣಿ ತೋಡಿಸಿ, ಉಪ್ಪು ಇದ್ದಿಲು ತುಂಬಿಸಿ, ಕಬ್ಬಿಣದ ಕೊಳವೆ ನೆಡಿಸಿ, ಅದರಿಂದ ಡಬ್ಬಿಗೆ ತಂತಿ ಎಳೆಸಿದರು. ಡಬ್ಬಿಯ ಮೈಯಲ್ಲಿ ಸೋರುವ ವಿದ್ಯುತ್ತನ್ನು ಮಣ್ಣಿಗೆ ಇಳಿಸುವ ಕೊಳವೆ ಅದು. ನೆಲೋಗಿಯವನು, "ರೊಕ್ಕ ಎಲ್ಲ ಮಣ್ಣಾಗ ಹುಗದ್ರಲ್ರಿ ಅಕ್ಕೋರೆ" ಎಂದು ನಕ್ಕು ಹೊಸ ಅಂಗಡಿಗೆ ಹೋದ. ಅವನ ಹಿಂದೆ ಅರ್ಧಕ್ಕರ್ಧ ಜನ ಹೋದರು. ಡಬ್ಬಿಯ ಜುಮುಗುಡುವಿಕೆ ಮಾತ್ರ ನಿಂತುಹೋಯಿತು. ನೆಲ ಒಣಗಿದಾಗೆಲ್ಲ ಅದು ಮತ್ತೆ ಶುರುವಾಗುತ್ತಿತ್ತು. ಕೊಳವೆಯ ಬುಡಕ್ಕೆ ಒಂದು ಕೊಡ ನೀರು ಹೊಯ್ದರೆ ಅಡಗುತ್ತಿತ್ತು. ಜುಂ ಅಂದರೆ ನೀರು: ಅವರು ತಮಗೆ ತಾವೇ ಕಲಿಸಿಕೊಂಡ ಪಾಠವಿದು.

ಆ ಚಳಿಗಾಲದಲ್ಲಿ ನಮ್ಮ ಓಣಿಯ ಕಂಬದ ನ್ಯೂಟ್ರಲ್ ತಂತಿ ತುಂಡಾಯಿತು. ಮನೆಯೊಳಗೆ ಬಂದ ವಿದ್ಯುತ್ತು ಮರಳಿ ಹೋಗುವ ದಾರಿ ಅದು, ಅದಿಲ್ಲದೆ ದೀಪವಿಲ್ಲ. ಓಣಿಯ ಹಿರಿಯರು ವಿದ್ಯುತ್ ಕಚೇರಿಗೆ ಹೋದರು, ಅಕ್ಕೋರು ಹೋದರು, ನಾನೂ ಹೋದೆ. ಸಾಮಾನು ಬಂದಿಲ್ಲ ಎಂಬ ಉತ್ತರ ಸಿಕ್ಕಿತು. ಕೊನೆಗೊಂದು ಮಧ್ಯಾಹ್ನ ಲೈನ್‌ಮ್ಯಾನ್ ಬಂದು, ಎಲ್ಲ ಮನೆಗಳ ಮರಳುವ ತಂತಿಗಳನ್ನು ಒಟ್ಟುಮಾಡಿ, ಅಕ್ಕೋರ ಕೊಳವೆಗೆ ಬಿಗಿದ.

"ನನ್ನ ಡಬ್ಬಿಗಿ ಏನರ ಆದ್ರ?" ಎಂದು ಅಕ್ಕೋರು ತಡೆದರು.

"ಏನಾಗಂಗಿಲ್ರಿ ಅಕ್ಕೋರೆ. ನಿಮ್ಮ ಅರ್ಥಿಂಗ್ ಜಬರ್ದಸ್ತ್ ಅದ. ನಾಕ್ ದಿನದ ಮಾತು. ನೀವು ನೀರು ಮಾತ್ರ ಹಾಕ್ಕೋತ ಇರ್ರಿ."

ಓಣಿಯ ಕಿಟಕಿಗಳನ್ನೊಮ್ಮೆ ನೋಡಿ ಅವರು ಒಪ್ಪಿದರು. "ಆಯ್ತಪಾ. ಎಲ್ಲಾರೂ ಕತ್ತಲ್ದಾಗ ಇದ್ದು ನನ್ನೊಬ್ಬಾಕಿ ಡಬ್ಬಿ ಉಳದು ಏನ್ ಮಾಡೂದದ?"

ನಾಲ್ಕು ದಿನದ ಮಾತು ಬೇಸಿಗೆಯವರೆಗೆ ಬೆಳೆಯಿತು. ನೆಲ ಬಿರಿಯಿತು, ಓಣಿಯ ಮನೆಗಳಲ್ಲಿ ಕೂಲರುಗಳು ತಿರುಗತೊಡಗಿದವು. ಅಷ್ಟೂ ಮನೆಗಳ ವಿದ್ಯುತ್ತು ಇಳಿಯಬೇಕಾದದ್ದು ಆ ಒಂದು ಕೊಳವೆಯಿಂದ, ಒಣಗಿದ ಆ ಮಣ್ಣಿಗೆ. ಇಳಿಯಲಾಗದ್ದು ಕೊಳವೆಯಲ್ಲೇ ನಿಂತಿತ್ತು, ತಂತಿಯ ಮೂಲಕ ಡಬ್ಬಿಗೂ ಬರುತ್ತಿತ್ತು. ಇದನ್ನು ತಿಳಿದಿರಬೇಕಾದವರು ಸಂಬಳ ಪಡೆಯುತ್ತಿದ್ದರು. ಆ ಕೊಳವೆಯನ್ನು ಮುಟ್ಟಬೇಡಿ ಎಂಬ ಒಂದು ಮಾತನ್ನು ಅವರಲ್ಲಿ ಯಾರೂ ಹೇಳಲಿಲ್ಲ. ಬದಲಾಗಿ, ನೀರು ಹಾಕಿರಿ ಎಂದು ಹೇಳಿಹೋಗಿದ್ದರು.

ರಜೆಗೆಂದು ನಾನು ಊರಿನಲ್ಲಿದ್ದ ಒಂದು ಬೆಳಿಗ್ಗೆ ಅಕ್ಕೋರು ಡಬ್ಬಿಗೆ ಬೆರಳಿನ ಬೆನ್ನು ತಾಗಿಸಿ ಕೈ ಹಿಂತೆಗೆದರು. "ಯವ್ವಾ, ಭಾಳ ಜುಂ ಅನ್ನಾಕತ್ತದ. ನೆಲ ಒಣಗ್ಯಾದ ಕಾಣ್ತದ. ನೀ ಕುಂದ್ರು ತಂಗಿ, ಎರಡ್ ಕೊಡ ನೀರು ಹಾಕಿ ಬರ್ತೇನಿ."

ನಾನು ಕೂತೇ ಇದ್ದೆ. ಕೊಡ ಉರುಳಿದ ಸದ್ದು ಕೇಳಿಸಿತು. ನೆರೆಯವರು ಓಡಿ ಬಂದು, ಒಣ ಕಟ್ಟಿಗೆಯಿಂದ ಅವರ ಕೈಯನ್ನು ಕೊಳವೆಯಿಂದ ಬಿಡಿಸಬೇಕಾಯಿತು. ಕೆಸರಿನಲ್ಲಿ ಬರಿಗಾಲು; ಜಾರದಿರಲೆಂದು ಕೊಳವೆ ಹಿಡಿದಿದ್ದಿರಬೇಕು. ಜೀವ ಹೋಗಿತ್ತು.

ಅವರ ಮೂರನೆಯ ದಿನದ ಕಾರ್ಯ ಮುಗಿಯುವ ಮೊದಲೇ ಹೊಸ ನ್ಯೂಟ್ರಲ್ ತಂತಿ ಬಂತು. ಎಳೆದು ಕಟ್ಟಲು ಒಂದು ಮುಂಜಾನೆ ಸಾಕಾಯಿತು. ಲೈನ್‌ಮ್ಯಾನನನ್ನು ಅಫಜಲಪುರದ ಕಡೆ ವರ್ಗ ಮಾಡಿದರು. ಕಂಬ ಏರುವವನನ್ನು ಸಾಗಿಸಿದರೆ, ತಂತಿ ತಡೆಹಿಡಿದ ಕುರ್ಚಿ ಶುದ್ಧವಾಗುತ್ತದೆಯೇ? ವಿದ್ಯುತ್ ಕಚೇರಿಗೆ ಹೋಗಿ, ಅದೇ ಕುರ್ಚಿಯ ಮುಂದೆ ನಿಂತು ಕೇಳಿದೆ.

"ಅದು ಅನಧಿಕೃತ ಜೋಡಣಿ ಇತ್ತಮ್ಮ" ಎಂದರು ಸಾಹೇಬರು. "ಮತ್ತ ಅವ್ರಿಗರ ಪೈಪ್ ಹಿಡಿಯೂದ್ ಯಾಕ ಬೇಕಿತ್ತು?"

ಅವರ ವರದಿಯಲ್ಲಿ ಸಾವಿನ ಕಾರಣ: ಮೃತರ ಅಜಾಗರೂಕತೆ.

ಅಕ್ಕೋರು ಕಲಿಸಿದ ಹತ್ತು ಬೆರಳುಗಳಿಂದ, ಕೀಲಿ ನೋಡದೆ, ಆ ಪದದ ವಿರುದ್ಧ ನಾನು ಅರ್ಜಿಗಳನ್ನು ಬರೆಯುತ್ತಲೇ ಇದ್ದೇನೆ. ಈ ಬರಹವೂ ಒಂದು ಅರ್ಜಿ. ಲೋಹವೆಂಬುದನ್ನೆಲ್ಲ ಹಿಂಗೈಯಿಂದ ಪರೀಕ್ಷಿಸುತ್ತಿದ್ದ ಹೆಂಗಸು ಆ ಕೊಳವೆಯನ್ನೇಕೆ ಅಂಗೈ ತುಂಬ ಹಿಡಿದರೆಂದು ಸಾಹೇಬರು ಕೇಳಿದ್ದರಲ್ಲ, ಉತ್ತರ ಇಲ್ಲಿದೆ: ಯಾರಿಗೂ ಶಾಕ್ ಹೊಡೆಯದಿರಲೆಂದು ತಮ್ಮ ಅಷ್ಟೂ ಗಳಿಕೆ ಕೊಟ್ಟು ಅವರು ನೆಡಿಸಿದ್ದು ಅದನ್ನೇ. ಆ ಮನೆಯಲ್ಲಿ ಅವರು ಹಿಂಗೈಯಿಂದ ಪರೀಕ್ಷಿಸದೆ ನಂಬಿದ್ದು ಅದೊಂದನ್ನೇ.