ಗಾದಿ ಅಂಗಡಿಯ ಭಾನುವಾರಗಳು

ಅವರ ಹುಬ್ಬಿನ ಮೇಲೆ ಸದಾ ಹತ್ತಿಯ ಎಳೆಗಳು ಕೂತಿರುತ್ತಿದ್ದವು. ಗಡ್ಡದಲ್ಲಿ, ಕಿವಿಯ ಕೂದಲಲ್ಲಿ, ಅಂಗಿಯ ಕಾಲರಿನ ಮಡಿಕೆಯಲ್ಲೂ. ಮಾತಾಡುತ್ತ ಅವನ್ನು ಒಂದೊಂದಾಗಿ ಕಿತ್ತು ಬೆರಳ ನಡುವೆ ಹೊಸೆಯುತ್ತಿದ್ದರು. ಅವರ ಕೈ ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇಲ್ಲ. ಕೂತು ಮಾತಾಡಿದ್ದನ್ನೂ ಇಲ್ಲ. ಬೆಟಗೇರಿಯಲ್ಲಿ ಗಾದಿ ಹೊಲಿಯುವ ಅಂಗಡಿ ಅವರದು. ಓಣಿಯೆಲ್ಲ ಗಾದಿ ಕಾಕಾ ಅನ್ನುತ್ತಿತ್ತು, ನಾವೂ ಹಾಗೆಯೇ ಕರೆದೆವು.

ನಾವೆಂದರೆ ಮೂರು ಜನ. ನಾನು ಗದಗಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತ ಗಿಟಾರ್ ನುಡಿಸುವವನು. ಢೋಲಕ್ ಬಾರಿಸುವವನು ಮುಂಡರಗಿಯ ಬೈಕ್ ಮೆಕ್ಯಾನಿಕ್. ಹಾಡುವವಳು ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಶಿಕ್ಷಕಿ. ಭಾನುವಾರ ಸೇರಿ ತೋಚಿದ್ದನ್ನು ನುಡಿಸುವುದು, ಅದನ್ನು ರೆಕಾರ್ಡ್ ಮಾಡಿಕೊಳ್ಳುವುದು, ಇಷ್ಟೇ ನಮ್ಮ ಬ್ಯಾಂಡು. ಹುಬ್ಬಳ್ಳಿಯ ಸ್ಟುಡಿಯೋ ನಮ್ಮ ಕೈಗೆಟುಕುವಂಥದ್ದಲ್ಲ. ಇದ್ದದ್ದು ಅಂಗೈಯಗಲದ ಒಂದು ರೆಕಾರ್ಡರ್, ಅದೂ ಇನ್ನೊಬ್ಬರು ಬಳಸಿ ಬಿಟ್ಟದ್ದು. ನನ್ನ ಬಾಡಿಗೆ ಕೋಣೆಯ ತಗಡಿನ ಕೆಳಗೆ ಹಾಡಿದರೆ ಬಾವಿಯೊಳಗಿಂದ ಕೂಗಿದಂತೆ ಕೇಳುತ್ತಿತ್ತು. ಗೋಡೆಗೆ ಹಳೆಯ ಗಾದಿ ಕಟ್ಟಿದರೆ ದನಿ ಗುಂಯ್‌ಗುಡುವುದು ನಿಲ್ಲುತ್ತದೆಂದು ಯಾರೋ ಹೇಳಿದರು. ಅದಕ್ಕೇ ಕಾಕಾರ ಅಂಗಡಿ ಹುಡುಕಿಕೊಂಡು ಹೋದೆ.

ಯಾತಕ್ಕೆ ಹಳೆಯ ಗಾದಿ ಎಂದು ಕೇಳಿದರು. ಹೇಳಿದೆ. ಅವರು ಸೀದಾ ಹಿಂದಿನ ಕೋಣೆಯ ಬಾಗಿಲು ತೆರೆದರು. ನೆಲದಿಂದ ಮಾಡಿನವರೆಗೆ ಹತ್ತಿಯ ಚೀಲಗಳು, ಗೋಡೆಗೆ ಒರಗಿಸಿದ ಗಾದಿಗಳು. ಕಾಲಿಟ್ಟ ಕೂಡಲೇ ಹೊರಗಿನ ಆಟೋಗಳ ಸದ್ದು ಅಳಿಸಿಹೋಯಿತು.

"ಗಾದಿ ಯಾಕ ಹೊರತೀರಿ? ನೀವ ಇಲ್ಲಿ ಬರ್ರಿ," ಅಂದರು.

ಯಂತ್ರ ಬರುವ ಮೊದಲು ಅವರು ಬಿಲ್ಲಿನಿಂದ ಹತ್ತಿ ಹಿಂಜಿದವರು. ಬಿಲ್ಲಿನ ತಂತಿ ಮಿಡಿಯುವ ಸದ್ದಿನಲ್ಲೇ ಹತ್ತಿ ಹದಕ್ಕೆ ಬಂದದ್ದು ತಿಳಿಯುತ್ತಿತ್ತಂತೆ. ಸಂಗೀತ ಕಲಿತಿರಲಿಲ್ಲ, ಆದರೆ ಕಿವಿ ಅಂಥದ್ದು. ಮೊದಲ ದಿನದ ರೆಕಾರ್ಡಿಂಗಿನಲ್ಲಿ ಢೋಲಕ್ ಬಿಟ್ಟರೆ ಬೇರೇನೂ ಕೇಳಲಿಲ್ಲ. ಇನ್ನೆರಡು ಮೈಕು ಬೇಕೇ ಬೇಕು ಎಂದು ನಾನು ಚಡಪಡಿಸಿದೆ. ಕಾಕಾ ಇಯರ್‌ಫೋನ್ ಕಿವಿಗಿಟ್ಟುಕೊಂಡು, ರೆಕಾರ್ಡರನ್ನು ಕೈಯಲ್ಲಿ ಹಿಡಿದು, ನಮಗೆ ಬಾರಿಸಲು ಹೇಳಿ ಕೋಣೆಯ ತುಂಬ ಓಡಾಡಿದರು. ಢೋಲಕ್ಕನ್ನು ಚೀಲಗಳ ಹಿಂದಿನ ಮೂಲೆಗೆ ಕಳಿಸಿದರು, ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು, ಹಾಡುವ ಶಿಕ್ಷಕಿಯನ್ನು ಅಕ್ಕೋರೇ ಎಂದು ಎರಡು ಮಾರು ಮುಂದಕ್ಕೆ ಕರೆದರು. "ಮಷಿನ್ ಒಂದ ಇದ್ರ ಸಾಕು. ಮಂದಿ ಸರೀಬೇಕು," ಅಂದರು. ಆಮೇಲೆ ಕೇಳಿದರೆ ಮೂರೂ ಅದರದರ ಜಾಗದಲ್ಲಿ ಕೂತಿದ್ದವು.

ಆದರೂ ಎರಡು ತಿಂಗಳಲ್ಲಿ ಒಂದು ಹಾಡೂ ಮೊದಲಿಂದ ಕೊನೆಯವರೆಗೆ ಮುಗಿಯಲಿಲ್ಲ. ತಪ್ಪು ನನ್ನದು. ಬೆರಳು ಜಾರಿದರೆ, ಹೊರಗೆ ಹಾರ್ನ್ ಕೇಳಿದರೆ, ಏನೂ ಆಗದಿದ್ದರೂ ಏನೋ ಆದಂತೆ ಅನ್ನಿಸಿದರೆ, ಕೈಯೆತ್ತಿ ನಿಲ್ಲಿಸಿಬಿಡುತ್ತಿದ್ದೆ. ಮೆಕ್ಯಾನಿಕ್ ಬೈದುಕೊಳ್ಳುತ್ತಿದ್ದ. ಅವಳು ಸುಮ್ಮನೆ ನೀರು ಕುಡಿದು ಮತ್ತೆ ಶುರುಮಾಡುತ್ತಿದ್ದಳು. ಕಾಕಾ ಮಾತ್ರ ಅತ್ತಿಂದಿತ್ತ ಓಡಾಡುತ್ತ ಅನ್ನುತ್ತಿದ್ದರು, "ಹರದ್ರ ಹರೀಲಿ ತಮ್ಮಾ, ಮುಂದ ಹೊಲಕೋಂತ ಹೋಗು."

ಒಂದು ಭಾನುವಾರ ಎರಡನೆಯ ಸಲ ಕೈಯೆತ್ತಿದಾಗ ಕಾಕಾ ಸ್ಟ್ಯಾಂಡಿನಿಂದ ರೆಕಾರ್ಡರನ್ನು ಬಿಚ್ಚಿಕೊಂಡರು. ಅದುವರೆಗೆ ನನಗೆ ಗದರಿದವರಲ್ಲ.

"ಇವತ್ತ ನೀ ನಿಲ್ಲಸಾಂಗಿಲ್ಲ. ಅಕ್ಕೋರ ಹಾಡ ಮುಗೀಬೇಕು."

ನನಗೆ ಸಿಟ್ಟು ಬಂತು. ನಮ್ಮ ಬ್ಯಾಂಡಿನಲ್ಲಿ ಇವರದೇನು ಎಂದು ಬಾಯಿಬಿಟ್ಟೇ ಅಂದೆ. ಕಾಕಾ ಹಾಡುವವಳ ಕಡೆ ತಿರುಗಿದರು. ಅವಳ ಮುಂದೆ ರೆಕಾರ್ಡರ್ ಹಿಡಿದು ನಿಂತರು. ನಾಲ್ಕು ಹಾಡು, ಒಂದಾದ ಮೇಲೊಂದು. ಒಂದೆಡೆ ನಿಲ್ಲಲಾರದ ಆ ಮನುಷ್ಯ ಅಷ್ಟು ಹೊತ್ತೂ ಪಾದ ಕದಲಿಸಲಿಲ್ಲ. ನಡುವೆ ಅವರಿಗೆ ಕೆಮ್ಮು ಒತ್ತರಿಸಿ ಬಂತು. ವರ್ಷಗಟ್ಟಲೆ ಹತ್ತಿಯ ದೂಳು ಕುಡಿದ ಎದೆ ಅದು. ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡರು. ಕಣ್ಣಲ್ಲಿ ನೀರು ಇಳಿಯಿತು, ಹಿಡಿದ ಕೈ ಮಾತ್ರ ಅಲುಗಲಿಲ್ಲ. ಅವಳು ಹಿಂದೆಂದೂ ಹಾಗೆ ಹಾಡಿರಲಿಲ್ಲ. ನನ್ನ ಬೆರಳು ಮೂರು ಕಡೆ ತಪ್ಪಿತು. ನಿಲ್ಲಿಸಲಿಲ್ಲ.

ಕೊನೆಯ ಹಾಡು ಮುಗಿದ ಮೇಲೆ ಕಾಕಾ ರೆಕಾರ್ಡರನ್ನು ನನ್ನ ಕೈಗಿಟ್ಟು ಕೆಮ್ಮಲು ಹೊರಗೆ ಹೋದರು. ಆಗ ಅವಳು ಹೇಳಿದಳು: ಗಂಟಲಲ್ಲಿ ಗಂಟು ಬೆಳೆದಿದೆ, ಶುಕ್ರವಾರ ಹುಬ್ಬಳ್ಳಿಯಲ್ಲಿ ಆಪರೇಷನ್, ದನಿ ಹೇಗೆ ಉಳಿಯುತ್ತದೋ ಡಾಕ್ಟರಿಗೂ ಗೊತ್ತಿಲ್ಲ. ನಮಗಾರಿಗೂ ತಿಳಿಯದ್ದು ಕಾಕಾರಿಗೆ ಮೊದಲೇ ಕೇಳಿಸಿತ್ತು. ಹಿಂದಿನ ವಾರ ಅವಳನ್ನು ಬಸ್ ಹತ್ತಿಸಲು ಹೋದಾಗ ದನಿ ಯಾಕೆ ತೇಯುತ್ತಿದೆ ಎಂದು ಅವರೇ ವಿಚಾರಿಸಿದ್ದರಂತೆ. ಯಾರಿಗೂ ಹೇಳಬೇಡಿ ಅಂದದ್ದಕ್ಕೆ ಹೇಳಿರಲಿಲ್ಲ.

ಆಪರೇಷನ್ ಸರಿಯಾಯಿತು. ಮಾತು ಬಂತು, ಪಾಠವೂ ಶುರುವಾಯಿತು. ಆದರೆ ಮೇಲಿನ ಸ್ವರಗಳು ತಿರುಗಿ ಬರಲಿಲ್ಲ. ಅವಳು ಭಾನುವಾರಗಳಿಗೆ ಬರುವುದನ್ನು ಬಿಟ್ಟಳು. ಏನು ಹೇಳಿ ಬಾ ಎಂದು ಕರೆಯುವುದೋ ತಿಳಿಯದೆ ನಾನೂ ಫೋನ್ ಮಾಡಲಿಲ್ಲ. ಕಾಕಾರ ಮುಂದೆ ನಿಲ್ಲಲು ನಾಚಿಕೆಯಾಗಿ ಬೆಟಗೇರಿಯ ದಾರಿಯನ್ನೇ ತಪ್ಪಿಸಿಕೊಂಡು ತಿರುಗಿದೆ.

ಅವರು ಆಸ್ಪತ್ರೆಯಲ್ಲಿದ್ದಾರೆಂದು ಮೆಕ್ಯಾನಿಕ್ ಹೇಳಿದ ದಿನ ಹೋದೆ. ಮೂಗಿಗೆ ನಳಿಗೆ ಹಾಕಿದ್ದರು. ಬೆರಳು ಹೊದಿಕೆಯ ಅಂಚನ್ನು ಹೊಸೆಯುತ್ತಲೇ ಇತ್ತು. ಅಂದು ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದಿದ್ದೆ. ಅದರ ಬದಲು ಇಯರ್‌ಫೋನನ್ನು ಅವರ ಕಿವಿಗಿಟ್ಟು ಆ ನಾಲ್ಕರಲ್ಲಿ ಮೊದಲ ಹಾಡು ಹಚ್ಚಿದೆ. ಅರ್ಧ ಕೇಳಿ ತೆಗೆದರು.

"ಅಕ್ಕೋರು ಈಗ ಹೆಂಗ ಅದಾರ?"

ಮಾತು ಚೆನ್ನಾಗಿದೆ, ದನಿ ಇಳಿದಿದೆ, ಅದಕ್ಕೇ ಹಾಡುವುದಿಲ್ಲ ಅಂದೆ.

"ಇಳದ್ರ ನೀವೂ ಇಳೀರಿ," ಅಂದರು, ಉಸಿರು ಹಿಡಿದು ಹಿಡಿದು. "ಇದನ್ನ ಕೇಳಕೋಂತ ಕುಂಡ್ರಬ್ಯಾಡ. ಹೋಗು, ಆಕೀನ ಕರಿ."

ಎಂಟು ದಿನಕ್ಕೆ ಹೋಗಿಬಿಟ್ಟರು. ನಾನು ಇನ್ನೂ ಕರೆದಿರಲಿಲ್ಲ. ಮಣ್ಣು ಮುಗಿಸಿ ಅವರ ಮನೆಗೆ ಬಂದಾಗ ಅವಳು ಒಳಗೆ ಅವರ ಹೆಂಡತಿಯ ಕೈ ಹಿಡಿದು ಕೂತಿದ್ದಳು. ಹೊರಗೆ ಬಂದಾಗ ಕಾಕಾ ಹೇಳಿದ್ದನ್ನು ಹೇಳಿ, ಭಾನುವಾರ ಗ್ಯಾರೇಜಿನಲ್ಲಿರುತ್ತೇವೆ ಅಂದೆ. ಅವಳು ಕೇಳಿಸಿಕೊಂಡು ಬಸ್ ಹತ್ತಿದಳು.

ಮುಂದಿನ ಭಾನುವಾರ ಅವಳು ಮುಂಡರಗಿಯಲ್ಲಿ ನಾನು ಕಾಯುತ್ತಿದ್ದ ಮೆಕ್ಯಾನಿಕ್‌ನ ಗ್ಯಾರೇಜಿನ ಮುಂದೆ ಬಂದು ನಿಂತಳು. ಅವನು ಕೈಯ ಗ್ರೀಸ್ ಒರೆಸಿ ಢೋಲಕ್ ಎಳೆದುಕೊಂಡ. ಅವಳು ನನ್ನೆದುರು ಕೂತು, ಮುಖ ನೋಡದೆ ಕೇಳಿದಳು, "ಶ್ರುತಿ ಎಷ್ಟ ಇಳಸ್ತೀ?"

"ನಿನಗ ಎಷ್ಟ ಬೇಕೋ ಅಷ್ಟ," ಅಂದೆ. ಗಿಟಾರ್ ತೊಡೆಯ ಮೇಲಿಟ್ಟು, ತಂತಿ ಸಡಿಲಿಸಲು ಅದರ ಕಿವಿಗಳನ್ನು ತಿರುವತೊಡಗಿದೆ.