ಖಾಲಿ ಕೊಠಡಿಯ ಗೆರೆ

ಗಾಡಿಗಳ ವಿದ್ಯುತ್ ಭಾಗಗಳು ರೇಡಿಯೊ ತರಂಗ ಉಗುಳಿ ಅಕ್ಕಪಕ್ಕದ ಯಂತ್ರಗಳ ತಲೆ ಕೆಡಿಸುತ್ತವೆಯೋ ಎಂದು ಅಳೆಯುವ ಕೊಠಡಿ ಅದು. ಗೋಡೆ ತುಂಬ ತರಂಗ ಹೀರುವ ಸ್ಪಂಜಿನ ಮುಳ್ಳು, ಬಾಗಿಲೋ ಆನೆ ಭಾರ. ಅಲ್ಲಿನ ಹಳೇ ಹುಲಿ ಗೆರೆ ಮಾವ. ಹೊರಗಿನ ಪರದೆಯ ಮೇಲೆ ತರಂಗದ ಒಂದು ಗೆರೆ ಮಿತಿ ಮೀರಿ ಎದ್ದರೆ, ಅದರ ಹುಟ್ಟು ಹುಡುಕುವ ತನಕ ಅವನಿಗೆ ಊಟ ಸೇರದು. ಅದಕ್ಕೇ ಆ ಹೆಸರು. "ಫೋನು, ವಾಚು, ಕಾರಿನ ಕೀ, ಎಲ್ಲಾ ಹೊರಗಿಡ್ರಪ್ಪಾ!" ಎಂದು ದಿನವೂ ಬಾಗಿಲಲ್ಲಿ ಗಂಟಲು ಹರಿದುಕೊಳ್ಳುವವನೂ ಅವನೇ.

ಇವತ್ತು ಅವನ ತಲೆ ಕೆಟ್ಟು ಕೆರ ಹಿಡಿದಿತ್ತು. ಒಬ್ಬ ಹೆಂಗಸು ಬಸ್ಸಿನ ಇಂಡಿಕೇಟರ್ ಮಿನುಗಿಸುವ ಪೆಟ್ಟಿಗೆ ತಂದಿದ್ದಳು, ಮನೆಯ ಹಿಂದಿನ ಶೆಡ್ಡಿನಲ್ಲಿ ತಾನೇ ಕಟ್ಟಿದ್ದು. ಇವತ್ತು ಪಾಸಾಗದಿದ್ದರೆ ಬಸ್ಸಿನವರು ಬೇರೆಯವರ ಹತ್ತಿರ ಹೋಗುತ್ತಾರೆ. ಪೆಟ್ಟಿಗೆ ಆನ್ ಮಾಡಿದರೆ ಗೆರೆ. ಆಫ್ ಮಾಡಿದರೂ ಗೆರೆ! ಪೆಟ್ಟಿಗೆಯನ್ನೇ ಹೊರಗೆ ತಂದಿಟ್ಟರೂ ಆ ಹಾಳು ಗೆರೆ ಜಗ್ಗಲಿಲ್ಲ. ಖಾಲಿ ಕೊಠಡಿಯೇ ಗದ್ದಲ ಮಾಡಿದರೆ ಅಲ್ಲಿಯವರೆಗಿನ ಅಳತೆ ರದ್ದು. ಕಾರಣ ಹುಡುಕಿ ದಾಖಲೆಯಲ್ಲಿ ಬರೆದ ಮೇಲೇ ಮತ್ತೆ ಶುರು. ವೈರು ಬದಲಿಸಿದ, ಆಂಟೆನಾ ಬದಲಿಸಿದ, ದೀಪ ಆರಿಸಿದ. ಇದೇನು ದೆವ್ವವೋ ಭೂತವೋ?

ಹೆಂಗಸು ಏನೋ ಹೇಳಿದಳು.

"ಏನಮ್ಮಾ? ಸ್ವಲ್ಪ ಜೋರಾಗಿ ಹೇಳು" ಎನ್ನುತ್ತ ಅವನ ಕೈ ಕಿವಿಗೆ ಹೋಯಿತು. ಕಿವಿ ಬರಿದಾಗಿತ್ತು.

ಬೆಳಗ್ಗೆ ಹೆಂಡತಿ ಹೊಸಿಲಲ್ಲಿ ನಿಲ್ಲಿಸಿ ಹೊಸ ಕಿವಿಯಂತ್ರ ಸಿಕ್ಕಿಸಿ, "ತೆಗೆದ್ರೆ ನೋಡಿ ಮತ್ತೆ!" ಎಂದಿದ್ದಳು. ನಾಲ್ಕು ಜನ ನೋಡಿಯಾರೆಂದು ಅವನು ಕೊಠಡಿಯೊಳಗೆ ಅದನ್ನು ಕಿತ್ತು ಸ್ಪಂಜಿನ ಸಂದಿಯಲ್ಲಿ ಬಚ್ಚಿಟ್ಟಿದ್ದ. ಅವನ ಲೆಕ್ಕದಲ್ಲಿ ಅದು ಕನ್ನಡಕದ ಜಾತಿ. ತರಂಗ ಉಗುಳಿ ಫೋನಿನ ಜೊತೆ ಮಾತಾಡುವ ಯಂತ್ರವೆಂಬುದು ಹೊಳೆದೇ ಇರಲಿಲ್ಲ. ಕಾರಣ ಬರೆದರೆ ಕಿವಿ ಕೇಳದ್ದು ಬಯಲು. ಬಾಗಿಲು ಮುಚ್ಚುವ ಮುನ್ನ ಕೂಗುವ ಎಚ್ಚರಿಕೆಯ ಬೀಪು ಕೇಳಿಸದವನನ್ನು ಈ ಬಾಗಿಲ ಬಳಿ ಯಾರು ಬಿಡುತ್ತಾರೆ? ಸಾಮಾನಿನ ಸ್ಟೋರ್ ರೂಮಿಗೆ ತಳ್ಳುತ್ತಾರೆ. ಬರೆಯದಿದ್ದರೆ ಈ ಪೆಟ್ಟಿಗೆಯವಳ ಹೊಟ್ಟೆಯ ಮೇಲೆ ಹೊಡೆದಂತೆ.

ಒಳಗೆ ಹೋಗಿ ತಂದ. ಗೆರೆ ಮಾಯ.

"ಏನಿತ್ತು ಮಾವ?" ಎಂದ ಪರದೆ ನೋಡುವ ಜೊತೆಗಾರ.

"ನನ್ನ ಕಿವಿ ಕಣಯ್ಯಾ. ಹಾಗಂತಲೇ ಬರಿ" ಎಂದು ಎಲ್ಲರೆದುರೇ ಸಿಕ್ಕಿಸಿಕೊಂಡ.

ಅಳತೆ ಮತ್ತೆ ನಡೆದು ಪೆಟ್ಟಿಗೆ ಪಾಸಾಯಿತು. ಅವಳು ಖುಷಿಗೆ ಅದನ್ನು ಮೇಜಿನ ಮೇಲೆ ಮಿನುಗಿಸಿದಳು. ಟಿಕ್, ಟಿಕ್. ಗೆರೆ ಮಾವ ಬೆಪ್ಪಾಗಿ ನಿಂತ.

"ಇದು ಬೆಳಗ್ಗೆಯಿಂದ ಹೀಗೇ ಶಬ್ದ ಮಾಡ್ತಿತ್ತೇನಮ್ಮಾ?"

"ಹೂಂ ಸರ್. ನೀವೇ ಜೋಡಿಸಿದ್ರಲ್ಲಾ."

ಅವನು ಆ ಟಿಕ್ ಟಿಕ್‌ಗೆ ಕಿವಿಗೊಟ್ಟ. ಇದೇ ಕೇಳಿಸದವನಿಗೆ ಬಾಗಿಲ ಬೀಪು ಎಷ್ಟು ಸಲ ತಪ್ಪಿತ್ತೋ! ಆಮೇಲೆ ಕೊಠಡಿಯ ಬೀಗದ ಕೈ ತೆಗೆದು ಜೊತೆಗಾರನ ಕೈಗಿಟ್ಟ.

"ಬಾಗಿಲು ಇನ್ಮೇಲೆ ನೀನೇ ನೋಡ್ಕೋಪ್ಪಾ."